ಯಾರ ಕೈ, ಯಾರ ಕೆಲಸ

1982ರ ಜನವರಿ 18ರಂದು ಮುಂಬೈಯ ಬಟ್ಟೆ ಗಿರಣಿಗಳು ನಿಂತವು. ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದಿದ್ದರು. ನಾನು ಆಗ ಪರೇಲಿನ ಆಸ್ಪತ್ರೆಯೊಂದರಲ್ಲಿ, ಕೆಲಸ ಮಾಡಿಸುತ್ತಲೇ ಗುಣಪಡಿಸುವ ಆಕ್ಯುಪೇಷನಲ್ ಥೆರಪಿ ಓದುತ್ತಿದ್ದೆ. ಮನೆ ಮಾಟುಂಗಾದಲ್ಲಿ, ಅಪ್ಪ ಉಡುಪಿ ಕಡೆಯಿಂದ ಹೋಟೆಲಿನ ಲೆಕ್ಕ ಬರೆಯಲು ಬಂದು ಅಲ್ಲೇ ಉಳಿದವರು. ಗಿರಣಿಗಳ ನಡುವೆಯೇ ಆಸ್ಪತ್ರೆ ಇದ್ದುದರಿಂದ ನಮ್ಮ ವಿಭಾಗದ ಬೆಂಚಿನ ಮೇಲೆ ಗಿರಣಿಯ ಕೈಗಳಿಗೆ ಬರವಿರಲಿಲ್ಲ. ಯಂತ್ರದ ಹಲ್ಲಿಗೆ ಸಿಕ್ಕ ಬೆರಳು, ಪಟ್ಟಿ ಸೆಳೆದ ಮಣಿಕಟ್ಟು, ಹೊಲಿಗೆ ಹಾಕಿದ ಮೇಲೂ ಮಡಿಸಲು ಬಾರದ ಗೆಣ್ಣುಗಳು. ಮುಷ್ಕರ ಶುರುವಾದದ್ದೇ ಹೊಸ ಗಾಯಗಳು ನಿಂತುಹೋದವು. ಹಳೆಯ ಗಾಯದವರು ಮಾತ್ರ ಬರುತ್ತಲೇ ಇದ್ದರು. ಕೈ ಸರಿಹೋದರೆ ಅವರು ವಾಪಸ್ ಹೋಗಬೇಕಾದ ಜಾಗಕ್ಕೆ ಬೀಗ ಬಿದ್ದಿತ್ತು.

ಅವರಲ್ಲಿ ಮಗ್ಗದ ಖಾತೆಯಲ್ಲಿ ದುಡಿಯುತ್ತಿದ್ದ ಒಬ್ಬರು ಸಾತಾರಾ ಕಡೆಯವರು, ನನ್ನ ಅಪ್ಪನ ವಯಸ್ಸು. ಬಲಗೈಯ ತೋರುಬೆರಳು, ನಡುಬೆರಳಿನ ಸ್ನಾಯುಬಂಧ ಕತ್ತರಿಸಿ ಹೋಗಿ ಹೊಲಿಸಿಕೊಂಡಿದ್ದರು. ನಮ್ಮ ವಿಭಾಗದ ಮೂಲೆಯಲ್ಲಿ ಒಂದು ಪುಟ್ಟ ಕೈಮಗ್ಗವಿತ್ತು. ಬೆರಳಿನ ಬಿಗಿತ ಬಿಡಿಸಲು ರೋಗಿಗಳಿಂದ ಅದರ ಮೇಲೆ ಟವೆಲ್ ನೇಯಿಸುವುದು ರೂಢಿ. ಅದನ್ನು ತೋರಿಸಿದಾಗ ಅವರು ಮನಸಾರೆ ನಕ್ಕುಬಿಟ್ಟರು. ಎರಡೆರಡು ಮಗ್ಗ ಒಟ್ಟಿಗೆ ನೋಡಿಕೊಂಡಿದ್ದ ಮನುಷ್ಯನ ಮುಂದೆ ಮಕ್ಕಳ ಆಟಿಕೆ ಇಟ್ಟ ಹಾಗಾಗಿತ್ತು. ಆದರೂ ಕೂತು ನೇಯ್ದರು. ನಾನು ಎಳೆ ತಪ್ಪಿಸಿದಾಗ ತಿದ್ದಿದರು ಕೂಡ.

ಒಂದು ದಿನ ಬೆರಳಿನ ಕೋನ ಅಳೆಯಲು ಮಾಪಕ ತೆಗೆದಾಗ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: “ಡಾಕ್ಟರ್ ಬಾಯಿ, ಕೈ ಸರಿ ಮಾಡಿಕೊಡಿ. ಆದರೆ ಸರಿಯಾಯಿತು ಅಂತ ಕಾಗದದಲ್ಲಿ ಬರೆಯಬೇಡಿ.”

ಅವರ ಲೆಕ್ಕ ಸರಳ. ಕಾರ್ಮಿಕರ ವಿಮೆಯಾದ ಇಎಸ್‌ಐ ಇರಲಿ, 1923ರ ಕಾರ್ಮಿಕ ಪರಿಹಾರ ಕಾಯ್ದೆ ಇರಲಿ, ಬೆರಳಿಗೊಂದು ಬೆಲೆ ಕಾನೂನಿನ ಅನುಬಂಧದಲ್ಲೇ ಅಚ್ಚಾಗಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7. ಬೆರಳು ಕಡಿದೇ ಹೋಗಿದ್ದರೆ ವಾದವಿಲ್ಲ. ಬೆರಳು ಇದ್ದೂ ಬಗ್ಗದಿದ್ದರೆ ಎಷ್ಟು ನಷ್ಟ ಎಂದು ವೈದ್ಯರು ತೀರ್ಮಾನಿಸಬೇಕು, ಅವರು ನೋಡುವುದು ನಾವು ಬರೆದ ಅಂಕೆಗಳನ್ನು. ನಾನು ಚೆನ್ನಾಗಿ ಕೆಲಸ ಮಾಡಿದಷ್ಟೂ ಆತನಿಗೆ ಸಿಗುವ ಹಣ ಇಳಿಯುತ್ತದೆ. ಗಿರಣಿ ತೆರೆದಿದ್ದರೆ ಅದು ನಷ್ಟವಲ್ಲ. ಗಿರಣಿ ಮುಚ್ಚಿದಾಗ, ಊರಿಗೆ ಮನಿಯಾರ್ಡರ್ ನಿಂತಾಗ, ಗುಣವಾಗುವುದೇ ದುಬಾರಿ.

ಹಿಡಿತದ ಬಲ ಅಳೆಯಲು ಜಮಾರ್ ಎಂಬ ಉಪಕರಣವಿದೆ. ಅದರ ಹಿಡಿಯನ್ನು ಐದು ಬೇರೆ ಬೇರೆ ಅಗಲಗಳಲ್ಲಿ ಇಟ್ಟು ಅಮುಕಿಸಬಹುದು. ಪೂರ್ತಿ ಶಕ್ತಿ ಹಾಕಿ ಹಿಡಿದವನ ಅಂಕೆ ನಡುವಿನ ಅಗಲದಲ್ಲಿ ಏರಿ ಎರಡೂ ತುದಿಗಳಲ್ಲಿ ಇಳಿಯುತ್ತದೆ. ಬೇಕೆಂದೇ ಸಡಿಲ ಹಿಡಿದವನದು ಸಾಮಾನ್ಯವಾಗಿ ಐದರಲ್ಲೂ ಸಪಾಟು. ನಾನು ಇದನ್ನು ಕಲಿತದ್ದು ಮುಂದೆ. ಪರೇಲಿನಲ್ಲಿ ನಮಗಿದ್ದದ್ದು ಬಿಪಿ ನೋಡುವ ಪಟ್ಟಿ. ಅದನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ ಕೈಗೆ ಕೊಟ್ಟರೆ ಪಾದರಸ ಎಷ್ಟು ಏರಿತು ಎಂದು ಬರೆದುಕೊಳ್ಳುವುದು. ಆತ ಅಂದು ಹೇಗೆ ಅಮುಕಿದರೆಂದರೆ, ಪಾದರಸ ಅಲುಗಲೋ ಬೇಡವೋ ಎಂದು ಯೋಚಿಸಿದಂತಿತ್ತು. ಅದೇ ಕೈ ಹತ್ತು ನಿಮಿಷದ ಹಿಂದೆ ನನ್ನ ನೂಲಿನ ಸಿಕ್ಕು ಬಿಡಿಸಿಕೊಟ್ಟಿತ್ತು.

ನನಗೆ ಕಲಿಸುತ್ತಿದ್ದ ಮೇಡಂ ಕಟ್ಟುನಿಟ್ಟಿನವರು. ಹೋಗಿ ಹೇಳಿದೆ. ಅವರು ಆತನನ್ನು ಬೈಯಲಿಲ್ಲ, ಕನಿಕರಿಸಲೂ ಇಲ್ಲ. ಕಡಿದ ನೂಲನ್ನು ಕಟ್ಟಿ ತೋರಿಸಿ ಎಂದರು. ಮಗ್ಗದಲ್ಲಿ ಎಳೆ ಕಡಿದಾಗ ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ಕ್ಷಣಾರ್ಧದಲ್ಲಿ ಗಂಟು ಬೀಳಬೇಕು; ಅದು ನೇಕಾರನ ಜೀವಾಳ. ಆತ ಕಟ್ಟಲು ಕೂತರು. ನೂಲು ಬೆರಳ ತುದಿಯಿಂದ ಜಾರಿತು, ಮತ್ತೆ ಜಾರಿತು. ಇದರಲ್ಲಿ ನಟನೆಯಿರಲಿಲ್ಲ, ಬೆರಳಿನ ತುದಿಗೆ ಸ್ಪರ್ಶವೇ ಮರಳಿರಲಿಲ್ಲ. ಹಿಡಿತದ ಮಾಪಕಕ್ಕೆ ಅದು ಕಾಣುವುದೂ ಇಲ್ಲ. ಮೇಡಂ ಬರೆಸಿದ್ದು ಹೀಗೆ: ಬಗ್ಗುವ ಕೋನ ಇಷ್ಟು, ಹಿಡಿತದ ಅಂಕೆ ನಂಬುವಂತಿಲ್ಲ, ಕಡಿದ ಎಳೆಯನ್ನು ಕಟ್ಟಲಾರರು, ಆದ್ದರಿಂದ ಮಗ್ಗದ ಕೆಲಸಕ್ಕೆ ಮರಳಲಾರರು. ಆತ ಕೇಳಿದ ಸುಳ್ಳಿಗಿಂತ ಈ ನಿಜವೇ ಅವರಿಗೆ ಹೆಚ್ಚು ಉಪಯೋಗದ್ದಾಗಿತ್ತು. ವೈದ್ಯ ಮಂಡಳಿ ಕೊನೆಗೆ ಎಷ್ಟು ಬರೆಯಿತೋ ತಿಳಿಯದು. ಮುಷ್ಕರವನ್ನು ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ, ಎಷ್ಟೋ ಗಿರಣಿಗಳು ತೆರೆಯಲೇ ಇಲ್ಲ. ಈಗ ಅಲ್ಲಿ ಗಾಜಿನ ಕಟ್ಟಡಗಳಿವೆ.

ನಾನು ಅಲ್ಲಿ ಕಲಿತ ಈ ವೃತ್ತಿಯನ್ನು ನಮ್ಮ ದೇಶಕ್ಕೆ ತಂದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಯ ಸೊಸೆಯಾದ ಕಮಲಾ ನಿಂಬಕರ್. 1950ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಅವರು ಮೊದಲ ಶಾಲೆ ತೆರೆದರು. ಎರಡೇ ವರ್ಷದಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ 1952ರಲ್ಲಿ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಮೊದಲ ಸಾಲಿನಲ್ಲಿ ಕೂತು ಆಮೇಲೆ ಎಪ್ಪತ್ತು ವರ್ಷ ಹಾಜರಿ ಪುಸ್ತಕಕ್ಕಾಗಿ ಕಾದವರು ನಾವು. ಅದರ ಮಾತು ಮುಂದೆ ಬರುತ್ತದೆ.

ಓದು ಮುಗಿಸಿ ಮದುವೆಯಾಗಿ ಮುಂಬೈ ಬಿಟ್ಟೆ. ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದೆ. ಅವುಗಳಲ್ಲೊಂದು ಹಳೆಯ ಮಾನಸಿಕ ಆಸ್ಪತ್ರೆ. ಯಾವುದು, ಎಲ್ಲಿ ಎಂದು ಹೇಳುವುದಿಲ್ಲ, ಆ ಕಾಲದಲ್ಲಿ ಯಾವುದಾದರೂ ಒಂದೇ. ಅಲ್ಲಿ ಕವರ್ ಅಂಟಿಸುವುದು, ಮೇಣದ ಬತ್ತಿ ಎರೆಯುವುದು, ಚಾಪೆ ಹೆಣೆಯುವುದು, ತೋಟಕ್ಕೆ ನೀರು ಹಾಯಿಸುವುದು, ವಾರ್ಡು ಗುಡಿಸುವುದು ಎಲ್ಲಕ್ಕೂ ವರ್ಕ್ ಥೆರಪಿ ಎಂದು ಹೆಸರು. ಗಂಡಸರಿಗೆ ಕೂಲಿ ಬೀಡಿ, ಹೆಂಗಸರಿಗೆ ಒಂದು ಲೋಟ ಹೆಚ್ಚಿನ ಚಹಾ. ಪಠ್ಯಪುಸ್ತಕದಲ್ಲಿ ಇದಕ್ಕೆ ಟೋಕನ್ ಪದ್ಧತಿಯೆಂಬ ಗೌರವದ ಹೆಸರಿತ್ತು.

ದುಡಿಮೆಯಿಂದ ಮನಸ್ಸು ನೆಟ್ಟಗಾಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯ ಬೇರಿನಲ್ಲೇ ಇದೆ. ಅದು ಸುಳ್ಳೂ ಅಲ್ಲ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಮೊದಲ ಸಂಘ ಕಟ್ಟಲು ಕರೆದವರಲ್ಲಿ ಜಾರ್ಜ್ ಬಾರ್ಟನ್ ಒಬ್ಬ. ಆತ ಡಾಕ್ಟರಲ್ಲ, ವಾಸ್ತುಶಿಲ್ಪಿ, ತಾನೇ ರೋಗಿಯಾಗಿ ಎಡಭಾಗ ಸ್ವಾಧೀನ ತಪ್ಪಿ ಕೆಲಸದ ಮೂಲಕ ಎದ್ದು ನಿಂತವನು. ಆದರೆ ತಾನಾಗಿ ಉಳಿ ಹಿಡಿದವನಿಗೂ ಪೊರಕೆ ಕೊಟ್ಟು ಕಳಿಸಿದವನಿಗೂ ಅಂತರವಿದೆ. ಬೀಗ ಹಾಕಿದ ವಾರ್ಡಿನಲ್ಲಿ ಆ ಅಂತರ ನೋಡುವವರು ಕಡಿಮೆ.

ಅಲ್ಲಿಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಒಬ್ಬ ಅಕ್ಕ ಇದ್ದರು. ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. 1912ರ ಹುಚ್ಚರ ಕಾಯ್ದೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಬಂದವರು. ಕಾಯಿಲೆ ತಣ್ಣಗಾಗಿ ಬಹಳ ಕಾಲವಾಗಿತ್ತು. ಹಿಟ್ಟು ನಾದುವಾಗ ಅಂಗೈ ಬುಡದಿಂದ ಒತ್ತಿ, ಕಾಲು ತಿರುವು ತಿರುಗಿಸಿ ಮತ್ತೆ ಒತ್ತುವ ಲಯ ನೋಡಿದರೆ ಇವರಿಗೆ ಇನ್ನೇನು ಚಿಕಿತ್ಸೆ ಬೇಕು ಅನ್ನಿಸುತ್ತಿತ್ತು. ಫೈಲು ತೆಗೆದು ನೋಡಿದೆ. ತಿಂಗಳು ತಿಂಗಳೂ ಒಂದೇ ಒಕ್ಕಣೆ: ಕೆಲಸ ಉತ್ತಮ, ಮುಂದುವರಿಸಿ. ಮನೆಗೆ ಕಳಿಸುವ ಮಾತು ಎತ್ತಿದರೆ ಅಡುಗೆಮನೆಯ ಮೇಲ್ವಿಚಾರಕರು, “ಅಕ್ಕ ಹೋದ್ರೆ ಇಲ್ಲಿ ಯಾರು ಲಟ್ಟಿಸ್ತಾರೆ ಮೇಡಂ? ಪೋಸ್ಟ್ ಖಾಲಿ ಇದೆ, ತುಂಬಿಲ್ಲ” ಎಂದರು. ಅವರು ಕೆಟ್ಟವರಲ್ಲ. ದಿನಕ್ಕೆ ಅಷ್ಟು ಜನಕ್ಕೆ ಊಟ ಹಾಕುವ ಹೊಣೆ ಹೊತ್ತವರು. ಚೆನ್ನಾಗಿ ಕೆಲಸ ಮಾಡುವುದು ಗುಣವಾದ ಗುರುತು ಎಂದು ನಾವು ಕಲಿತಿದ್ದೆವು. ಅಲ್ಲಿ ಅದೇ ಒಳಗೆ ಇಟ್ಟುಕೊಳ್ಳಲು ಕಾರಣವಾಗಿತ್ತು. ಥೆರಪಿಸ್ಟರ ಸಹಿ ಆ ಒಕ್ಕಣೆಯ ಕೆಳಗೇ ಬೀಳುತ್ತಿತ್ತು.

ನಾನು ಫೈಲಿನಲ್ಲಿ ಒಂದು ಸಾಲು ಸೇರಿಸಿದೆ: ಇವರು ಮಾಡುತ್ತಿರುವುದು ಚಿಕಿತ್ಸೆಯಲ್ಲ, ಅಡುಗೆಯವರ ಹುದ್ದೆಯ ಕೆಲಸ. ಆ ಸಾಲಿಗೆ ಕರೆಸಿ ವಿವರಣೆ ಕೇಳಿದರು. ಕೊಟ್ಟೆ. ಅಕ್ಕನ ತಮ್ಮನಿಗೆ ಕಾಗದ ಬರೆದೆವು, ಉತ್ತರ ಬರಲಿಲ್ಲ. ಅವರು ಹೊರಗೆ ಹೋಗುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಯಾವುದೋ ಸಂಸ್ಥೆಯ ಆಶ್ರಯಕ್ಕೆ ಸೇರಿದರೆಂದು ಕೇಳಿದೆ, ಅಲ್ಲಿಯೂ ಅಡುಗೆಮನೆಗೇ ಹಾಕಿದರೋ ಏನೋ.

ಈ ಗಂಟನ್ನು ಕಾನೂನು ಬಿಚ್ಚಿದ್ದು ಬಹಳ ತಡವಾಗಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ಅದರ 20ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಯಲ್ಲಿ ಯಾರನ್ನೂ ಬಲವಂತವಾಗಿ ದುಡಿಸುವಂತಿಲ್ಲ. ದುಡಿದರೆ ತಕ್ಕ ಕೂಲಿ ಕೊಡಬೇಕು. ಓದಿ ಖುಷಿಪಟ್ಟೆ. ಆದರೆ ನನಗೆ ಗೊತ್ತಿದ್ದ ಒಂದು ಕಡೆ ಆದದ್ದೇನು? ಕೂಲಿ ಕೊಡಲು ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲ ಎಂದು ಕೆಲಸದ ಶೆಡ್ಡಿಗೇ ಬೀಗ ಹಾಕಿದರು. ಬಲವಂತದ ದುಡಿಮೆ ಹೋಯಿತು, ಬಲವಂತದ ಟಿವಿ ಬಂತು. ಇಂಥ ಜಾಣತನಕ್ಕೆ ನಮ್ಮ ಕಚೇರಿಗಳು ಹೆಸರುವಾಸಿ. ಬೇರೆ ದಾರಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇಕರಿ ಇದೆ, ಚೇತರಿಸಿಕೊಳ್ಳುತ್ತಿರುವವರು ಕೆಲಸ ಮಾಡುವ ಕೆಫೆ ಇದೆ. ಹೊರಗಿನವರು ದುಡ್ಡು ಕೊಟ್ಟು ತಿನ್ನುತ್ತಾರೆ.

ಇನ್ನೊಂದು ಕೇಂದ್ರದಲ್ಲಿ ಮೊದಲ ಸಲ ಕೂಲಿ ಹಂಚಿದ ದಿನ ನಾನಿದ್ದೆ. ಕಾಯಿಲೆ ಬರುವ ಮುಂಚೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಒಬ್ಬರು ಸಹಿ ಹಾಕುವ ಮೊದಲು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ದುಡ್ಡು ಎಣಿಸಿದರು. ಆಮೇಲೆ, “ಪಿಎಫ್ ಹಿಡಿದೇ ಇಲ್ವಲ್ಲ ಮೇಡಂ?” ಎಂದು ಕೇಳಿದರು. ಅಷ್ಟು ವರ್ಷದಲ್ಲಿ ನಾನು ಓದಿದ ಯಾವ ಮೌಲ್ಯಮಾಪನ ಪಟ್ಟಿಯೂ ಆ ಮನುಷ್ಯ ಎಲ್ಲಿದ್ದಾರೆಂದು ಅಷ್ಟು ನಿಖರವಾಗಿ ತೋರಿಸಿರಲಿಲ್ಲ. ಅಂದಹಾಗೆ ಅವರ ಪ್ರಶ್ನೆಗೆ ಆಡಳಿತದ ಬಳಿ ಉತ್ತರವಿರಲಿಲ್ಲ.

ಪಟ್ಟಿಗಳ ಮಾತು ಬಂತು. ನಾವು ಓದುವಾಗ ದೇವರೆಂದರೆ ಬಾರ್ತೆಲ್ ಸೂಚ್ಯಂಕ, 1965ರದು. ಉಣ್ಣುವುದಕ್ಕೆ 10, ಸ್ನಾನಕ್ಕೆ 5, ನಡೆಯುವುದಕ್ಕೆ 15, ಮೆಟ್ಟಿಲಿಗೆ 10, ಹೀಗೆ ಹತ್ತು ಬಾಬತ್ತು ಸೇರಿ ನೂರು. ಯಾರ ಸಹಾಯವೂ ಇಲ್ಲದೆ ಮಾಡಿಕೊಂಡರೆ ಪೂರ್ತಿ ಅಂಕ. ಏನು ಮಾಡಬೇಕೆಂದು ನಿರ್ಧರಿಸುವವರು ನಾವು, ರೋಗಿ ಮಾಡಬೇಕು, ಅಷ್ಟೇ. 1990ರ ದಶಕದ ಆರಂಭದಲ್ಲಿ ಕೆನಡಾದವರು ಇದನ್ನು ತಿರುಗಿಸಿ ಹಾಕಿದರು. ನಿಮಗೆ ಯಾವುದು ಮುಖ್ಯ ಎಂದು ಮೊದಲು ಕೇಳಿ, ಅದಕ್ಕೆ ಒಂದರಿಂದ ಹತ್ತರವರೆಗೆ ಅವರೇ ಅಂಕ ಕೊಡಲಿ. ಈಗ ಎಷ್ಟು ಮಾಡುತ್ತೀರಿ, ಅದರಿಂದ ಎಷ್ಟು ತೃಪ್ತಿ, ಅದಕ್ಕೂ ಅವರದೇ ಅಂಕ. ಕೇಳಲು ಸಣ್ಣ ಬದಲಾವಣೆ. ನನ್ನ ಜಮಾನದವರಿಗೆ ಕುರ್ಚಿಯಿಂದ ಇಳಿದು ಎದುರಿನ ಸ್ಟೂಲಿನ ಮೇಲೆ ಕೂತಂತಾಯಿತು.

ಮೈಸೂರಿನಲ್ಲಿ ಮನೆಗಳಿಗೆ ಹೋಗಿ ಚಿಕಿತ್ಸೆ ಕೊಡುತ್ತಿದ್ದಾಗ ಒಬ್ಬ ಅಜ್ಜಿ ಸಿಕ್ಕರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹಣ ಕೊಡುತ್ತಿದ್ದವನು ಅಮೆರಿಕದಲ್ಲಿದ್ದ ಮಗ. ವಿಡಿಯೋ ಕರೆಯಲ್ಲಿ ಆತನ ಪಟ್ಟಿ ಸ್ಪಷ್ಟವಾಗಿತ್ತು: ಅಮ್ಮ ಯಾರ ಸಹಾಯವೂ ಇಲ್ಲದೆ ಸ್ನಾನ ಮಾಡುವಂತಾಗಬೇಕು. ಕರೆ ಮುಗಿದ ಮೇಲೆ ಅಜ್ಜಿಯನ್ನು ಕೇಳಿದೆ.

“ಸ್ನಾನಕ್ಕೇನಮ್ಮ ಅವಸರ? ಮಗಳು ನೀರು ಹಾಕ್ತಾಳೆ. ಇಬ್ರೂ ಮಾತಾಡೋದೇ ಆ ಹೊತ್ನಲ್ಲಿ. ನಂಗೆ ಹೂವು ಕಟ್ಟೋಕೆ ಬರೋ ಹಾಗೆ ಮಾಡು.”

ಹೂವು ಕಟ್ಟುವುದು ಎರಡು ಕೈಯ ಕೆಲಸ. ಒಂದು ಕೈ ಎರಡೆರಡು ಮೊಗ್ಗಿನ ತೊಟ್ಟು ಜೋಡಿಸಿ ಹಿಡಿಯಬೇಕು, ಇನ್ನೊಂದು ಕೈ ದಾರ ಸುತ್ತಿ ಕುಣಿಕೆ ಬಿಗಿಯಬೇಕು. ಬಾಳೆನಾರು ನೀರಲ್ಲಿ ನೆನೆಸಿ ಒಂದು ತುದಿಯನ್ನು ಎಡಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿದೆವು; ಹೂವಿನವರು ಮಾಡುವುದೂ ಹಾಗೇ. ಮೊಗ್ಗು ಹಿಡಿಯುವ ಕೈಯ ಬದಲಿಗೆ ಒಂದು ಹಲಗೆ, ಅದರ ಮೇಲೆ ಬಟ್ಟೆ ಒಣಗಹಾಕುವ ಕ್ಲಿಪ್ಪು. ಹಲಗೆ ಜಾರದಂತೆ ಅದರ ಮೇಲೆ ಅಜ್ಜಿಯ ಬಲಗೈಯನ್ನೇ ಭಾರಕ್ಕೆ ಇಟ್ಟೆ. ಕೆಲಸಕ್ಕೆ ಬಾರದ್ದು ಎಂದು ಮಡಿಲಲ್ಲಿ ಬಿದ್ದಿದ್ದ ಕೈಗೂ ಒಂದು ಉದ್ಯೋಗ ಸಿಕ್ಕಿತು. ಮೊದಮೊದಲು ಮೊಗ್ಗುಗಳೆಲ್ಲ ಒಂದೇ ಕಡೆ ವಾಲಿ, ಮಾಲೆ ಎತ್ತಿದರೆ ಪೊಳಪೊಳನೆ ಉದುರುತ್ತಿತ್ತು. ಅಜ್ಜಿ ಬೈಯುತ್ತಿದ್ದದ್ದು ನನ್ನನ್ನಲ್ಲ, ಕ್ಲಿಪ್ಪನ್ನು. ಆಮೇಲೆ ಹಲ್ಲಿನಿಂದ ದಾರ ಎಳೆದು ಬಿಗಿಮಾಡುವ ಉಪಾಯ ಅವರೇ ಕಂಡುಕೊಂಡರು. ಒಂದು ಮೊಳ ನೆಟ್ಟಗೆ ಬಂದ ದಿನ ಬೀದಿಯ ಹೆಂಗಸರನ್ನೆಲ್ಲ ಕರೆಸಿ ಕೊಟ್ಟರು. ಬಾರ್ತೆಲ್‌ನಲ್ಲಿ ಒಂದು ಅಂಕವೂ ಏರಲಿಲ್ಲ. ಮಗನಿಗೆ ವರದಿ ಕಳಿಸಿದಾಗ, ಇದಕ್ಕಾ ನಾನು ದುಡ್ಡು ಕೊಟ್ಟದ್ದು ಎಂಬ ಧಾಟಿಯಲ್ಲಿ ಉತ್ತರ ಬಂತು. ಅಜ್ಜಿ ತಾವೇ ಫೋನು ಹಿಡಿದು ಅವನಿಗೆ ಏನೋ ಹೇಳಿದರು, ಆಮೇಲೆ ಅವನು ಸುಮ್ಮನಾದ.

ಇಲ್ಲಿಗೆ ಮುಗಿಸಿದರೆ ಚಂದದ ಕಥೆ. ಆದರೆ ಮಗಳಿಗೆ ಸೊಂಟ ನೋವಿತ್ತು. ದಿನವೂ ಬಗ್ಗಿ ನೀರು ಹಾಕುವವಳು ಅವಳು. ಅವಳನ್ನು ಯಾರೂ ಕೇಳಿರಲಿಲ್ಲ, ಕೆನಡಾದ ಪಟ್ಟಿಯೂ ಕೇಳಿರಲಿಲ್ಲ. ಜಪಾನಿ ಮೂಲದ ಮೈಕೆಲ್ ಇವಾಮಾ ಎಂಬ ಥೆರಪಿಸ್ಟ್ 2006ರಲ್ಲಿ ತನ್ನ ಪುಸ್ತಕದಲ್ಲಿ ಇದನ್ನೇ ಎತ್ತಿದ: ಒಬ್ಬೊಬ್ಬರೂ ತಮ್ಮಷ್ಟಕ್ಕೆ ನಿಲ್ಲಬೇಕೆಂಬುದು ಪಶ್ಚಿಮದ ಗುರಿ, ಮನೆಮಂದಿಯ ನಡುವೆ ಬದುಕುವವರಿಗೆ ಅದು ಹೊಂದಬೇಕಿಲ್ಲ. ಒಪ್ಪುತ್ತೇನೆ, ಅರ್ಧ. ನಮ್ಮಲ್ಲಿ ಕುಟುಂಬ ಎಂದಾಗ ಬಗ್ಗುವ ಸೊಂಟ ಬಹುತೇಕ ಹೆಂಗಸಿನದೇ. ಹಾಗಾಗಿ ಬಚ್ಚಲಿಗೆ ಎತ್ತರದ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಿಡಿಕೆ, ಉದ್ದ ಹಿಡಿಯ ತಂಬಿಗೆ ಬಂದವು. ಮಾತಿಗೆ ಅಡ್ಡಿಯಾಗಲಿಲ್ಲ. ಮಗಳು ನಿಂತುಕೊಂಡೇ ನೀರು ಹಾಕುವಂತಾಯಿತು.

ಈಗಿನವರ ಕಷ್ಟ ಬೇರೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮಕ್ಕಳ ಥೆರಪಿ ಸೆಂಟರಿನ ಬೋರ್ಡು ಕಾಣುತ್ತದೆ. ಒಳಗೆ ಉಯ್ಯಾಲೆ, ಚೆಂಡು, ಬಣ್ಣದ ಚಾಪೆ. ಜೀನ್ ಏರ್ಸ್ 1972ರ ಪುಸ್ತಕದಲ್ಲಿ ಇಂದ್ರಿಯಗಳ ಹೊಂದಾಣಿಕೆಯ ಬಗ್ಗೆ ಎಚ್ಚರಿಕೆಯಿಂದ ಬರೆದದ್ದು ಇಲ್ಲಿ ಮೂರು ತಿಂಗಳ ಪ್ಯಾಕೇಜ್ ಆಗಿದೆ. ಮುಂಗಡ ಕಟ್ಟಿದರೆ ರಿಯಾಯಿತಿ. ಹೊಸದಾಗಿ ಪಾಸಾದ ಹುಡುಗ ಹುಡುಗಿಯರಿಗೆ ಮಾಲೀಕರು ಗಂಟೆಗಳ ಗುರಿ ಕೊಡುತ್ತಾರೆ. ಮಗುವಿಗೆ ಇನ್ನು ಬೇಡ, ಶಾಲೆ ಸಾಕು ಎಂದು ಹೇಳಿದ ಥೆರಪಿಸ್ಟ್ ಆ ತಿಂಗಳ ಲೆಕ್ಕದಲ್ಲಿ ಹಿಂದೆ ಬೀಳುತ್ತಾಳೆ. ಅಡುಗೆಮನೆಯ ಅಕ್ಕನನ್ನು ಬಿಡದ ಆಸ್ಪತ್ರೆಗೂ ಮಗುವನ್ನು ಬಿಡದ ಸೆಂಟರಿಗೂ ನನ್ನ ಕಣ್ಣಿಗೆ ಹೆಚ್ಚು ದೂರವಿಲ್ಲ. ಸೆಂಟರಿನಲ್ಲಿ ಎಸಿ ಇದೆ.

ಹಾಜರಿ ಪುಸ್ತಕದ ಮಾತು ಬರುತ್ತದೆ ಎಂದಿದ್ದೆನಲ್ಲ, ಅದು ಈಗ. ನಮ್ಮ ವೃತ್ತಿಯವರ ನೋಂದಣಿಗೆ ದೆಹಲಿ, ಮಹಾರಾಷ್ಟ್ರ ತಮ್ಮದೇ ಮಂಡಳಿ ಮಾಡಿಕೊಂಡರೂ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2021ರಲ್ಲಿ, ಪೂರಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಾಗಿ. ನೋಂದಣಿ, ನಡವಳಿಕೆಯ ನಿಯಮ, ತಪ್ಪಿದರೆ ವಿಚಾರಣೆ ಎಲ್ಲ ಅದರಲ್ಲಿದೆ. ಬೇಕಾಗಿತ್ತು, ಬಂತು, ಒಳ್ಳೆಯದಾಯಿತು. ನಕಲಿ ಬೋರ್ಡುಗಳನ್ನು ಅದು ಇಳಿಸಬಲ್ಲದು. ಅಸಲಿ ಬೋರ್ಡಿನ ಒಳಗೆ ಗುರಿ ಎಂಬ ಖಾಲಿ ಜಾಗದಲ್ಲಿ ಯಾರ ಆಸೆ ಬರೆಯಬೇಕೆಂದು ಅದು ಹೇಳುವುದಿಲ್ಲ.

ನನ್ನ ಕೈಕೆಳಗೆ ಇಂಟರ್ನ್‌ಶಿಪ್ ಮಾಡಿದ ಹುಡುಗಿಯೊಬ್ಬಳು ಇಂಥದೊಂದು ಸೆಂಟರಿನಲ್ಲಿದ್ದಾಳೆ. ಅವಳ ಬಳಿಗೆ ಬರುವ ಆಟಿಸಂ ಇರುವ ಹುಡುಗ ಖುಷಿಯಾದರೆ ಕೈ ಪಟಪಟ ಆಡಿಸುತ್ತಾನೆ. ಸೆಂಟರಿನ ನಮೂನೆಯಲ್ಲಿ ಗುರಿ ಮೊದಲೇ ಅಚ್ಚಾಗಿದೆ: ಕೈ ಆಡಿಸುವುದು ಕಡಿಮೆಯಾಗಬೇಕು. ಆಟಿಸಂ ಇರುವ ದೊಡ್ಡವರು ಬೇರೆ ಬೇರೆ ದೇಶಗಳಲ್ಲಿ ವರ್ಷಗಳಿಂದ ಹೇಳುತ್ತಿದ್ದಾರೆ, ನಮ್ಮ ಕೈ ಹಿಡಿದು ನಿಲ್ಲಿಸಿದ್ದರಿಂದ ನಾವು ಶಾಂತವಾಗಲಿಲ್ಲ, ನಿಮಗೆ ನೋಡಲು ಅನುಕೂಲವಾಯಿತು ಅಷ್ಟೇ ಎಂದು. ಇವಳು ಅದನ್ನೆಲ್ಲ ಓದಿಕೊಂಡವಳು. ಅಚ್ಚಾದ ಸಾಲು ಹೊಡೆದು ಹಾಕಿ, ಹುಡುಗ ಚಿತ್ರ ತೋರಿಸಿ ಕೇಳಿದ್ದನ್ನು ಬರೆದಳು: ಅಜ್ಜನ ಜೊತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೆಜೆಸ್ಟಿಕ್‌ಗೆ ಹೋಗಿ ಬರಬೇಕು.

ಅಳೆಯಲು ಬಾರದ ಗುರಿ ಎಂದು ಮಾಲೀಕರು ವಾಪಸ್ ಕಳಿಸಿದರು. ಅವಳು ಮತ್ತೆ ಬರೆದಳು: ಮೊದಲ ತಿಂಗಳು ಮೂರು ಸ್ಟಾಪು, ಮುಂದಿನ ತಿಂಗಳು ಆರು, ಆಮೇಲೆ ಮೆಜೆಸ್ಟಿಕ್, ಪುರಾವೆಗೆ ಟಿಕೆಟ್ ಲಗತ್ತಿಸಲಾಗುವುದು. ಈ ಸಲ ಸಹಿ ಬಿತ್ತು. ಮೊನ್ನೆ ಫೋನು ಮಾಡಿದ್ದಳು. ಮೂರು ಸ್ಟಾಪು ಆಗಿದೆಯಂತೆ. ಹುಡುಗ ಗದ್ದಲಕ್ಕೆ ಹೊಂದಿಕೊಂಡಿದ್ದಾನೆ, ಈಗ ತೊಂದರೆ ಅಜ್ಜನದು. “ಮಂಡಿ ನೋವು ಮೇಡಂ, ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಅವ್ರಿಗೆ ಏನು ಮಾಡ್ಲಿ? ಅವ್ರು ನಮ್ಮ ಪೇಷಂಟ್ ಅಲ್ಲ, ಬಿಲ್ ಹಾಕಕ್ಕಾಗಲ್ಲ.” ಬಿಲ್ಲು ಆಮೇಲೆ ನೋಡೋಣ, ನೋವು ಯಾವ ಕಾಲಿಗೆ, ಬಾಗಿಲ ಕಂಬ ಯಾವ ಕೈಗೆ ಸಿಗುತ್ತದೆ, ಅದನ್ನು ಮೊದಲು ನೋಡಿಕೊಂಡು ಬಾ ಎಂದೆ.